ಗುಂಡಿನ ಸದ್ದು ನಿಂತ ಮೇಲೆ: ‘ದಿ ಫಾಲ್‌ಔಟ್’ ತೋರಿಸುವ ಹದಿಹರೆಯದ ದುಃಖ

ಶಾಲೆಯ ಶೌಚಾಲಯದ ಇಕ್ಕಟ್ಟಾದ ಕೋಣೆಯೊಂದರಲ್ಲಿ ಇಬ್ಬರು ಹುಡುಗಿಯರು ಕಮೋಡಿನ ಮೇಲೆ ಹತ್ತಿ ನಿಂತಿದ್ದಾರೆ. ಬಾಗಿಲ ಕೆಳಗಿನ ಸಂದಿಯಲ್ಲಿ ಕಾಲು ಕಾಣಬಾರದು, ಅದಕ್ಕೆ. ಕೆಲವೇ ನಿಮಿಷಗಳ ಹಿಂದೆ ಇವರಿಬ್ಬರ ನಡುವೆ ಪರಿಚಯವೆಂದು ಹೇಳುವಂಥದ್ದೇನೂ ಇರಲಿಲ್ಲ. ಒಬ್ಬಳು ಶಾಲೆಯಲ್ಲಿ ಫೋಟೊ ತೆಗೆಯುವ ದಿನವೆಂದು ಕನ್ನಡಿ ಮುಂದೆ ಮೇಕಪ್ ತಿದ್ದಿಕೊಳ್ಳುತ್ತಿದ್ದಳು. ಇನ್ನೊಬ್ಬಳು ಮೊದಲ ಸಲ ಮುಟ್ಟಾಗಿ ಗಾಬರಿಬಿದ್ದ ತಂಗಿಗೆ ಫೋನಿನಲ್ಲಿ ಧೈರ್ಯ ಹೇಳಲು ತರಗತಿಯಿಂದ ಎದ್ದು ಬಂದಿದ್ದಳು. ಈಗ ಹೊರಗೆ ಗುಂಡಿನ ಸದ್ದು, ಚೀರಾಟ. ಕ್ಯಾಮೆರಾ ಆ ಹುಡುಗಿಯರನ್ನು ಬಿಟ್ಟು ಆಚೆ ಹೋಗುವುದಿಲ್ಲ. ಗುಂಡು ಹಾರಿಸಿದವನನ್ನು ಸಿನಿಮಾ ಕೊನೆಯವರೆಗೂ ತೋರಿಸುವುದಿಲ್ಲ.

ಇದು ‘ದಿ ಫಾಲ್‌ಔಟ್’ ಚಿತ್ರದ ಆರಂಭ. ಕೆನಡಾದ ನಟಿ ಮೇಗನ್ ಪಾರ್ಕ್ ಬರೆದು ನಿರ್ದೇಶಿಸಿದ ಮೊದಲ ಪೂರ್ಣಾವಧಿ ಚಿತ್ರವಿದು. 2021ರಲ್ಲಿ ಅಮೆರಿಕದ ಸೌತ್ ಬೈ ಸೌತ್‌ವೆಸ್ಟ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿಯನ್ನೂ ಪ್ರೇಕ್ಷಕರ ಪ್ರಶಸ್ತಿಯನ್ನೂ ಪಡೆಯಿತು. 2022ರ ಜನವರಿ 27ರಂದು ಎಚ್‌ಬಿಒ ಮ್ಯಾಕ್ಸ್‌ನಲ್ಲಿ ಬಿಡುಗಡೆಯಾಯಿತು. ತಂಗಿಗಾಗಿ ಎದ್ದು ಬಂದ ವೇಡಾ ಆಗಿ ಜೆನ್ನಾ ಒರ್ಟೆಗಾ, ಮೇಕಪ್ ತಿದ್ದಿಕೊಳ್ಳುತ್ತಿದ್ದ ಮಿಯಾ ಆಗಿ ಮ್ಯಾಡಿ ಜೀಗ್ಲರ್ ನಟಿಸಿದ್ದಾರೆ. ಮುಂದೆ ಕಥೆಯ ಕೊನೆಯವರೆಗೂ ಮಾತಾಡಬೇಕಾಗುತ್ತದೆ. ಕಥೆ ಗೊತ್ತಿಲ್ಲದೆ ನೋಡಬೇಕೆನ್ನುವವರು ಮೊದಲು ಸಿನಿಮಾ ನೋಡಿ ಬರಬಹುದು.

ಫಾಲ್‌ಔಟ್ ಅಂದರೆ ಅಣುಬಾಂಬ್ ಸ್ಫೋಟಗೊಂಡ ಮೇಲೆ ಆಕಾಶದಿಂದ ನಿಧಾನವಾಗಿ ಉದುರುವ ವಿಕಿರಣಪೂರಿತ ಧೂಳು. ಒಂದು ಘಟನೆಯ ದೂರದ ಪರಿಣಾಮಗಳಿಗೂ ಅದೇ ಮಾತು ಬಳಕೆಯಲ್ಲಿದೆ. ಸ್ಫೋಟ ಒಂದು ಕ್ಷಣದ್ದು, ಧೂಳು ಬಹಳ ದಿನದ್ದು. ಚಿತ್ರದ ಲೆಕ್ಕಾಚಾರವೂ ಹೀಗೇ ಇದೆ: ಗುಂಡಿನ ದಾಳಿ ಆರಂಭದ ಕೆಲವು ನಿಮಿಷಗಳಲ್ಲೇ ಮುಗಿಯುತ್ತದೆ, ಉಳಿದದ್ದೆಲ್ಲ ಆಮೇಲಿನ ಬದುಕು.

ಹಿನ್ನೆಲೆ ಬಹುತೇಕರಿಗೆ ಗೊತ್ತಿರುವುದೇ. 1999ರ ಏಪ್ರಿಲ್ 20ರಂದು ಅಮೆರಿಕದ ಕೊಲೊರಾಡೊ ರಾಜ್ಯದ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆಯಿತು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳೂ 6 ಮಂದಿ ಹಿರಿಯರೂ, 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯೊಂದರಲ್ಲಿ 17 ಮಂದಿಯೂ ಸತ್ತರು. ಬಾಗಿಲು ಹಾಕಿ, ದೀಪ ಆರಿಸಿ, ಸದ್ದಿಲ್ಲದೆ ಕೂರುವ ಅಭ್ಯಾಸ ಅಲ್ಲಿನ ಶಾಲೆಗಳಲ್ಲಿ ಸಾಮಾನ್ಯ. ಏನು ಮಾಡಬೇಕೆಂದು ಅಲ್ಲಿನ ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಬದುಕುಳಿದ ಮೇಲೆ ಏನು ಮಾಡಬೇಕೆಂಬುದಕ್ಕೆ ಅಂಥ ಅಭ್ಯಾಸವಿಲ್ಲ.

ಯಾರು ಅಳಬಹುದು?

ಶೌಚಾಲಯದ ಆ ಕೋಣೆಗೆ ಮೂರನೆಯವನೊಬ್ಬ ಬರುತ್ತಾನೆ, ಕ್ವಿಂಟನ್. ಅವನ ಬಟ್ಟೆಯ ಮೇಲೆ ರಕ್ತ. ಅದು ಅವನದಲ್ಲ, ಅವನ ತಮ್ಮ-ಅಣ್ಣಂದಿರಲ್ಲಿ ಒಬ್ಬನದು. ಆ ಹುಡುಗ ಸತ್ತೇಹೋದ. ಹೀಗಾಗಿ ಒಂದೇ ಜಾಗದಲ್ಲಿ ಅಡಗಿ ಕುಳಿತ ಮೂವರಲ್ಲಿ ಲೋಕದ ಕಣ್ಣಿಗೆ ‘ಕಳೆದುಕೊಂಡವನು’ ಒಬ್ಬನೇ. ವೇಡಾ, ಮಿಯಾ ಇಬ್ಬರ ಮೈಮೇಲೂ ಒಂದು ಗೀರಿಲ್ಲ, ಮನೆಯವರೆಲ್ಲ ಕ್ಷೇಮ.

ವೇಡಾಳ ಕಷ್ಟ ಶುರುವಾಗುವುದು ಇಲ್ಲಿಂದ. ತನಗೆ ದುಃಖಪಡುವ ಹಕ್ಕಿಲ್ಲ ಎಂದು ಅವಳು ಒಳಗೊಳಗೇ ನಂಬಿದ್ದಾಳೆ. ಇಂಥ ದುಃಖಕ್ಕೆ ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1980ರ ದಶಕದ ಕೊನೆಯಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಮಾನ್ಯತೆ ಸಿಗದ ಶೋಕ’ ಎನ್ನಬಹುದು. ಸುತ್ತಲಿನವರು ಒಪ್ಪದ, ಆಚರಣೆಯಿಲ್ಲದ, ಸಾಂತ್ವನ ಹೇಳಲು ಯಾರೂ ಬಾರದ ದುಃಖ. ನಮ್ಮಲ್ಲೂ ನೋಡಿ: ಮನೆಯಲ್ಲಿ ಸಾವಾದರೆ ಸೂತಕವಿದೆ, ಹನ್ನೊಂದನೇ ದಿನ, ಹದಿಮೂರನೇ ದಿನ ಎಂಬ ಮೆಟ್ಟಿಲುಗಳಿವೆ. ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಸಹಪಾಠಿ ಸತ್ತರೆ ಹದಿನಾರರ ಹುಡುಗಿಗೆ ಯಾವ ಮೆಟ್ಟಿಲೂ ಇಲ್ಲ. ಎರಡು ನಿಮಿಷ ಮೌನ, ಒಂದು ದಿನ ರಜೆ, ಮರುದಿನ ಗಣಿತದ ಪೀರಿಯಡ್ಡು.

ವೇಡಾ ಕಳೆದುಕೊಂಡದ್ದು ಒಬ್ಬ ವ್ಯಕ್ತಿಯನ್ನಲ್ಲ. ಶಾಲೆ ಸುರಕ್ಷಿತ ಜಾಗ ಎಂಬ ನಂಬಿಕೆ ಹೋಯಿತು, ನಾಳೆಯ ಬಗೆಗಿನ ಉದಾಸೀನದ ಧೈರ್ಯ ಹೋಯಿತು, ತಂಗಿಯ ಮುಖವನ್ನು ಅಳುಕಿಲ್ಲದೆ ನೋಡುವ ಹಗುರತನ ಹೋಯಿತು. ಹೋದದ್ದಕ್ಕೆ ಹೆಸರಿಲ್ಲದಿದ್ದಾಗ ಮಕ್ಕಳು ಅದನ್ನು ದುಃಖ ಎಂದು ಕರೆಯುವುದಿಲ್ಲ. ‘ಬೋರ್ ಆಗ್ತಿದೆ’, ‘ಸುಸ್ತು’, ‘ಏನಿಲ್ಲ, ಸರಿಯಾಗಿದ್ದೀನಿ’ ಅನ್ನುತ್ತಾರೆ. ಜೆನ್ನಾ ಒರ್ಟೆಗಾ ಆ ‘ಏನಿಲ್ಲ’ವನ್ನೇ ಹಲವು ಬಗೆಯಲ್ಲಿ ಹೇಳುತ್ತಾಳೆ: ತಮಾಷೆ ಮಾಡಿ, ಹೊದಿಕೆಯೊಳಗೆ ಸೇರಿಕೊಂಡು, ಫೋನಿನಿಂದ ಕಣ್ಣೆತ್ತದೆ.

ಮೆಟ್ಟಿಲಲ್ಲ, ಜೋಕಾಲಿ

ದುಃಖಕ್ಕೆ ಐದು ಹಂತಗಳಿವೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಇದನ್ನು ಬರೆದದ್ದು ತಮ್ಮದೇ ಸಾವನ್ನು ಎದುರು ನೋಡುತ್ತಿದ್ದ ರೋಗಿಗಳನ್ನು ಮಾತಾಡಿಸಿದ ಮೇಲೆ. ಕಳೆದುಕೊಂಡವರಿಗೆ ಅದನ್ನು ಅನ್ವಯಿಸಿದ್ದು ಆಮೇಲೆ. ಐದು ಮೆಟ್ಟಿಲು ಹತ್ತಿದರೆ ಮುಗಿಯಿತು ಎಂಬ ಲೆಕ್ಕ ಹಿಡಿದ ತಂದೆತಾಯಿಗೆ, ಮೂರನೇ ವಾರ ನಗುನಗುತ್ತಾ ಓಡಾಡಿದ ಮಗಳು ಏಳನೇ ವಾರ ಕುಸಿದುಬಿದ್ದಾಗ ದಿಕ್ಕು ತೋಚುವುದಿಲ್ಲ. ಹಿಂದಕ್ಕೆ ಹೋದಳು, ಎಲ್ಲಾ ನೀರಲ್ಲಿ ಹೋಮ ಎನಿಸುತ್ತದೆ.

ವೇಡಾಳನ್ನು ಅರ್ಥ ಮಾಡಿಕೊಳ್ಳಲು ನೆರವಾಗುವ ಕಲ್ಪನೆ ಬೇರೆಯೇ ಇದೆ. ನೆದರ್‌ಲೆಂಡ್ಸ್‌ನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟದ್ದು. ಅದರ ಪ್ರಕಾರ ದುಃಖದಲ್ಲಿರುವವರು ಎರಡು ಕೆಲಸಗಳ ನಡುವೆ ಜೋಕಾಲಿಯಂತೆ ತೂಗುತ್ತಾರೆ. ಒಂದು ಕಡೆ ಕಳೆದುಕೊಂಡದ್ದರತ್ತ ಮುಖ: ನೆನಪು, ಅಳು, ಹಂಬಲ. ಇನ್ನೊಂದು ಕಡೆ ಬದುಕಿನತ್ತ ಮುಖ: ಊಟ, ಪರೀಕ್ಷೆ, ಹೊಸ ಗೆಳತಿ, ನಗು. ತೂಗುವುದೇ ಆರೋಗ್ಯದ ಲಕ್ಷಣ. ಮಕ್ಕಳಲ್ಲಂತೂ ತೂಗಾಟ ಬಹಳ ಚುರುಕು. ಮಳೆ ನೀರು ನಿಂತ ಹೊಂಡಕ್ಕೆ ಜಿಗಿದು ಮರುಕ್ಷಣ ಆಚೆ ಹಾರುವ ಹಾಗೆ ಅವರು ದುಃಖದೊಳಗೆ ಹೋಗಿ ಬರುತ್ತಾರೆ. ಬೆಳಿಗ್ಗೆ ಅತ್ತವಳು ಸಂಜೆ ರೀಲ್ಸ್ ನೋಡಿ ನಕ್ಕರೆ ಮರೆತಳು ಅಂತಲ್ಲ, ಉಸಿರಾಡಲು ಮೇಲೆ ಬಂದಿದ್ದಾಳೆ.

ತೊಂದರೆ ಬರುವುದು ಜೋಕಾಲಿ ಒಂದು ಕಡೆ ಸಿಕ್ಕಿಕೊಂಡಾಗ. ವೇಡಾಳದು ತಪ್ಪಿಸಿಕೊಳ್ಳುವ ಕಡೆ ಸಿಕ್ಕಿಕೊಂಡಿದೆ. ಶಾಲೆಗೆ ಹೋದರೂ ಶೌಚಾಲಯದೊಳಗೆ ಕಾಲಿಡಲಾರಳು. ಮನೆಯಲ್ಲಿ ತಂಗಿಯನ್ನು ಹತ್ತಿರ ಬಿಟ್ಟುಕೊಳ್ಳಳು. ಒಂದು ದಿನ ಮಾದಕ ಗುಳಿಗೆ ನುಂಗಿ ಶಾಲೆಯಲ್ಲಿ ತೇಲಾಡುತ್ತಾಳೆ. ಚಿತ್ರ ಅದನ್ನು ಅರ್ಧ ತಮಾಷೆಯಾಗಿಯೇ ತೆಗೆದಿದೆ. ಇಲ್ಲಿ ನಿರ್ದೇಶಕಿಯ ಕೈ ಸ್ವಲ್ಪ ಸಡಿಲವಾಯಿತು ಎಂದೇ ಹೇಳಬೇಕು, ಏಕೆಂದರೆ ಎದೆಯಲ್ಲಿ ಇಷ್ಟು ಗಾಬರಿ ತುಂಬಿಕೊಂಡ ಮಗುವಿಗೆ ಅಂಥ ಗುಳಿಗೆ ನಿಜವಾಗಿ ಅಪಾಯ. ಆದರೆ ನಗುವಿನ ಅಡಿಯಲ್ಲಿರುವುದು ಏನೂ ಅನಿಸದಿರಲಿ ಎಂಬ ಅವಳ ಬೇಡಿಕೆ, ಅದು ಸುಳ್ಳಲ್ಲ.

ಸೋಡಾ ಡಬ್ಬಿಯ ಸದ್ದು

ಇಡೀ ಚಿತ್ರದಲ್ಲಿ ನಿಧಾನವಾಗಿ ನೋಡಲೇಬೇಕಾದ ಗಳಿಗೆಯೊಂದಿದೆ. ವೇಡಾ ಶಾಲೆಗೆ ಮರಳಿದ್ದಾಳೆ. ಶೌಚಾಲಯಕ್ಕೆ ಹೋಗಲು ಹೆದರಿ ಮೂತ್ರ ತಡೆದುಕೊಂಡಿದ್ದಾಳೆ. ನಡೆಯುವಾಗ ಕಾಲಡಿ ಬಿದ್ದ ತಗಡಿನ ಡಬ್ಬಿಯೊಂದು ಪಟಕ್ಕನೆ ಸದ್ದು ಮಾಡುತ್ತದೆ. ಅವಳು ಬೆಚ್ಚಿಬೀಳುತ್ತಾಳೆ, ಬಟ್ಟೆ ಒದ್ದೆಯಾಗುತ್ತದೆ.

ಇದರಲ್ಲಿ ಆಘಾತದ ನಾಲ್ಕು ಮುಖ್ಯ ಲಕ್ಷಣಗಳಲ್ಲಿ ಎರಡು ಒಟ್ಟಿಗೆ ಇವೆ. ಮೊದಲನೆಯದು ತಪ್ಪಿಸಿಕೊಳ್ಳುವಿಕೆ: ಘಟನೆ ನಡೆದ ಜಾಗ, ಮಾತು, ವಾಸನೆ, ಯಾವುದೂ ಬೇಡ. ಎರಡನೆಯದು ಮೈಯ ಅತಿ ಎಚ್ಚರ. ಮಿದುಳಿನ ಅಪಾಯದ ಗಂಟೆ, ಅಂದರೆ ಬಾದಾಮಿ ಆಕಾರದ ಅಮಿಗ್ಡಲಾ, ಸದ್ದು ಏನೆಂದು ಯೋಚಿಸುವ ಭಾಗ ಕೆಲಸ ಶುರು ಮಾಡುವ ಮೊದಲೇ ಮೈಗೆ ಆಜ್ಞೆ ಕೊಟ್ಟಿರುತ್ತದೆ. ಒಮ್ಮೆ ಸಾವಿನ ಹತ್ತಿರ ಹೋಗಿ ಬಂದ ಮೇಲೆ ಆ ಗಂಟೆ ಸಣ್ಣ ಸದ್ದಿಗೂ ಬಾರಿಸುತ್ತದೆ. ‘ಇಷ್ಟಕ್ಕೆಲ್ಲ ಹೆದರ್ತಾರಾ?’ ಎಂಬ ಪ್ರಶ್ನೆ ಅದಕ್ಕೇ ಕೆಲಸಕ್ಕೆ ಬಾರದು. ಹೆದರಿದ್ದು ಅವಳ ತೀರ್ಮಾನವಲ್ಲ.

ಉಳಿದ ಎರಡು ಲಕ್ಷಣಗಳೂ ಚಿತ್ರದಲ್ಲಿ ಹರಡಿಕೊಂಡಿವೆ. ಬೇಡವೆಂದರೂ ನುಗ್ಗಿ ಬರುವ ನೆನಪು, ಕೆಟ್ಟ ಕನಸು ಒಂದು ಕಡೆ. ತನ್ನ ಬಗ್ಗೆ, ಲೋಕದ ಬಗ್ಗೆ ಮನಸ್ಸು ಕಪ್ಪಾಗುವುದು, ಮೊದಲು ಇಷ್ಟವಿದ್ದದ್ದೆಲ್ಲ ಸಪ್ಪೆಯಾಗುವುದು ಇನ್ನೊಂದು ಕಡೆ. ನೃತ್ಯವೇ ಬದುಕಾಗಿದ್ದ ಮಿಯಾ ನೃತ್ಯ ಬಿಟ್ಟು ಮನೆಯಲ್ಲಿ ಕೂರುವುದು ಇದಕ್ಕೇ.

ಕಾಲದ ಲೆಕ್ಕ ಮನೆಯವರಿಗೆ ಗೊತ್ತಿರಬೇಕು. ಘಟನೆಯಾಗಿ ಮೂರು ದಿನದಿಂದ ಒಂದು ತಿಂಗಳವರೆಗೆ ಈ ಲಕ್ಷಣಗಳು ತೀವ್ರವಾಗಿದ್ದರೆ ವೈದ್ಯರು ಅದನ್ನು ತೀವ್ರ ಒತ್ತಡದ ತೊಂದರೆ ಎನ್ನುತ್ತಾರೆ, ಎಷ್ಟೋ ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ನಾಲ್ಕೂ ಬಗೆಯ ಲಕ್ಷಣಗಳು ಉಳಿದು, ಓದು, ನಿದ್ದೆ, ಒಡನಾಟ ಕೆಟ್ಟರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ತೊಂದರೆ, ಇದೆಯೇ ಎಂದು ನೋಡುತ್ತಾರೆ. ಕ್ವಿಂಟನ್‌ನಂತೆ ಹತ್ತಿರದವರನ್ನು ಕಳೆದುಕೊಂಡವರ ಲೆಕ್ಕ ಬೇರೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರ ಪರಿಷ್ಕರಣೆಯಲ್ಲಿ ‘ದೀರ್ಘಕಾಲದ ಶೋಕ’ವನ್ನು ಸೇರಿಸಿತು. ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೂ ಹದಿಹರೆಯದವರಿಗೂ 6 ತಿಂಗಳು ಕಳೆದ ಮೇಲೆಯೂ ಹಂಬಲ ದಿನದಿನವೂ ಬದುಕನ್ನು ಕಟ್ಟಿಹಾಕಿದ್ದರೆ ಮಾತ್ರ ಆ ಹೆಸರು. ಅದಕ್ಕೆ ಮೊದಲು ಅದು ರೋಗವಲ್ಲ, ದುಃಖ.

ಮೂರು ಗೆಳೆತನ

ಗೆಳೆತನ ಗಾಯ ಮಾಯಿಸುತ್ತದೆ ಎಂದು ಹದಿಹರೆಯದ ಸಿನಿಮಾಗಳು ಸಾಮಾನ್ಯವಾಗಿ ಹೇಳಿ ಕೈ ತೊಳೆದುಕೊಳ್ಳುತ್ತವೆ. ಈ ಚಿತ್ರದ ಬೆಲೆ ಇರುವುದು ಗೆಳೆತನವನ್ನು ಮೂರಾಗಿ ಬಿಡಿಸಿ ನೋಡಿದ್ದರಲ್ಲಿ.

ಮಿಯಾಳ ಜೊತೆಗಿನದು ಸಾಕ್ಷಿಗಳ ಗೆಳೆತನ. ಅವಳಿಗೆ ಏನನ್ನೂ ವಿವರಿಸಬೇಕಿಲ್ಲ, ಅವಳು ಅಲ್ಲಿದ್ದಳು. ರಾತ್ರಿ ನಿದ್ದೆ ಬಾರದಾಗ ಒಂದು ಮೆಸೇಜು ಸಾಕು. ಮಿಯಾಳ ಇಬ್ಬರು ತಂದೆಯರೂ ಊರಲ್ಲಿಲ್ಲ. ದೊಡ್ಡ ಮನೆ, ಈಜುಕೊಳ, ವೈನ್ ಬಾಟಲಿ, ಸುತ್ತ ಯಾರೂ ಇಲ್ಲ. ಹುಡುಗಿಯರು ಹತ್ತಿರವಾಗುತ್ತಾರೆ, ಒಂದು ಹಂತದಲ್ಲಿ ಮೈಯೂ ಹತ್ತಿರವಾಗುತ್ತದೆ. ಇದು ಆಸರೆ, ಅನುಮಾನವಿಲ್ಲ. ಜೊತೆಗೆ ಇದು ಆ ಶೌಚಾಲಯದ ಕೋಣೆಯ ಮುಂದುವರಿಕೆಯೂ ಹೌದು. ಕೋಣೆ ದೊಡ್ಡದಾಗಿದೆ ಅಷ್ಟೆ, ಇಬ್ಬರೂ ಇನ್ನೂ ಅಡಗಿಯೇ ಕೂತಿದ್ದಾರೆ. ಇಬ್ಬರಿಗೂ ಶಾಲೆ ಬೇಡ, ಮಾತು ಬೇಡ. ಒಬ್ಬಳ ತಪ್ಪಿಸಿಕೊಳ್ಳುವಿಕೆಗೆ ಇನ್ನೊಬ್ಬಳದು ಬೆಂಬಲ. ಇಂಥ ಜೋಡಿಯನ್ನು ದೂರ ಮಾಡಲು ಹೋದರೆ ಮಗುವಿಗಿದ್ದ ಒಂದೇ ಹಗ್ಗವನ್ನು ಕತ್ತರಿಸಿದಂತೆ. ಮಾಡಬೇಕಾದ್ದು ಆ ಕೋಣೆಯ ಬಾಗಿಲನ್ನು ಸ್ವಲ್ಪ ತೆರೆಯುವುದು: ಇಬ್ಬರನ್ನೂ ಊಟಕ್ಕೆ ಕರೆಯುವುದು, ಇಬ್ಬರನ್ನೂ ಒಟ್ಟಿಗೆ ಶಾಲೆಯ ಗೇಟಿನವರೆಗೆ ಬಿಡುವುದು, ಮನೆಯಲ್ಲಿ ಒಬ್ಬ ಹಿರಿಯರು ಇರುವಂತೆ ನೋಡಿಕೊಳ್ಳುವುದು.

ನಿಕ್ ವೇಡಾಳ ಹಳೆಯ ಗೆಳೆಯ. ಅವನ ದುಃಖ ಕೆಲಸವಾಗಿ ಹೊರಬರುತ್ತದೆ. ಬಂದೂಕು ಕಾನೂನು ಬದಲಾಗಬೇಕೆಂದು ಹೋರಾಟಕ್ಕಿಳಿದು ಟಿವಿಯಲ್ಲಿ ಮಾತಾಡುತ್ತಾನೆ. ಪಾರ್ಕ್‌ಲ್ಯಾಂಡ್‌ನ ವಿದ್ಯಾರ್ಥಿಗಳು ದಾಳಿ ನಡೆದು ಆರು ವಾರದೊಳಗೆ, 2018ರ ಮಾರ್ಚ್ 24ರಂದು, ವಾಷಿಂಗ್ಟನ್‌ನಲ್ಲಿ ಭಾರೀ ಮೆರವಣಿಗೆ ನಡೆಸಿದ್ದು ನೆನಪಾಗದೆ ಇರದು. ಹೋರಾಡುವವನು ಗಟ್ಟಿ, ಮಲಗಿದವಳು ದುರ್ಬಲೆ ಎಂದು ಚಿತ್ರ ಹೇಳುವುದಿಲ್ಲ. ನೀನು ಏನೂ ಮಾಡುತ್ತಿಲ್ಲ ಎಂಬ ಅವನ ಅಸಹನೆ, ನಿನಗೆ ನನ್ನ ಸ್ಥಿತಿ ಗೊತ್ತಿಲ್ಲ ಎಂಬ ಅವಳ ಸಿಟ್ಟು, ಇವೆರಡೂ ಒಂದೇ ಗಾಯದಿಂದ ಬಂದವು. ದುಃಖದ ಮನೆಯಲ್ಲಿ ಗೆಳೆತನ ಮುರಿಯುವುದು ಬಹಳ ಸಲ ಪ್ರೀತಿ ಕಡಿಮೆಯಾಗಿ ಅಲ್ಲ, ವೇಗ ಹೊಂದದೆ.

ಕ್ವಿಂಟನ್‌ನದು ಮೂರನೆಯದು. ವೇಡಾ ಅವನಿಗೆ ಮುತ್ತಿಡಲು ಹೋದಾಗ ಅವನು ಮೃದುವಾಗಿ ಬೇಡವೆನ್ನುತ್ತಾನೆ. ಅಷ್ಟು ಮೃದುವಾಗಿ ಬೇಡವೆನ್ನುವುದು ಆ ವಯಸ್ಸಿನಲ್ಲಿ ದೊಡ್ಡ ಗುಣ. ಆದರೆ ಚಿತ್ರದ ಮೇಲಿನ ನನ್ನ ದೊಡ್ಡ ದೂರೂ ಇವನ ಬಗ್ಗೆಯೇ. ಮೂವರಲ್ಲಿ ಅತಿ ಹೆಚ್ಚು ಕಳೆದುಕೊಂಡ ಈ ಕಪ್ಪು ಹುಡುಗನಿಗೆ ಸಿಕ್ಕ ಸಮಯ ಅತಿ ಕಡಿಮೆ. ಅವನ ಮನೆಯಲ್ಲಿ ಊಟದ ಮೇಜಿನ ಖಾಲಿ ಕುರ್ಚಿ ಹೇಗಿದೆ, ಅವನಮ್ಮ ಹೇಗಿದ್ದಾಳೆ ಎಂಬುದರ ಮುಂದೆ ಚಿತ್ರ ನಿಲ್ಲುವುದಿಲ್ಲ. ವೇಡಾಳ ಕಥೆಗೆ ಅವನ ದುಃಖ ಹಿನ್ನೆಲೆಯಾಗಿಬಿಟ್ಟಿದೆ.

ತಂಗಿಯ ಲೆಕ್ಕ

ಮನೆಯೊಳಗಿನ ಗಂಟು ಬಿಚ್ಚುವುದು ತಡವಾಗಿ. ಆ ದಿನ ಫೋನ್ ಮಾಡಿದ್ದು ತಂಗಿ ಅಮೀಲಿಯಾ. ಅಕ್ಕ ತನ್ನಿಂದಾಗಿಯೇ ತರಗತಿ ಬಿಟ್ಟು ಹೊರಗೆ ಬಂದಳು, ಅದಕ್ಕೇ ತನ್ನ ಮೇಲೆ ಮುನಿಸು ಎಂದು ಆ ಹುಡುಗಿ ದಿನಗಟ್ಟಲೆ ನಂಬಿ ಕೂತಿದ್ದಾಳೆ. ಯಾರೂ ಅವಳನ್ನು ಕೇಳಿಲ್ಲ, ಎಲ್ಲರ ಕಣ್ಣೂ ವೇಡಾಳ ಮೇಲೆ.

ಮಕ್ಕಳು ಸಾವಿಗೂ ಅನಾಹುತಕ್ಕೂ ತಮ್ಮನ್ನೇ ಕಾರಣವಾಗಿ ಕಟ್ಟಿಕೊಳ್ಳುವುದು ತೀರಾ ಸಾಮಾನ್ಯ. ಜಗಳವಾಡಿದ್ದಕ್ಕೆ ಅಪ್ಪನಿಗೆ ಹೃದಯಾಘಾತವಾಯಿತು, ಅಂಗಡಿಗೆ ಹೋಗೆಂದಿದ್ದಕ್ಕೆ ಅಣ್ಣನಿಗೆ ಅಪಘಾತವಾಯಿತು ಎಂಬಂಥ ಲೆಕ್ಕ. ತಾನಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಹಿರಿಯರೇ ನೇರವಾಗಿ ಕೇಳಬೇಕು: ‘ಇದು ನಿನ್ನಿಂದ ಆಯ್ತು ಅಂತ ಎಲ್ಲಾದ್ರೂ ಅನ್ನಿಸಿದೆಯಾ ಪುಟ್ಟ?’ ಉತ್ತರ ಬಂದ ತಕ್ಷಣ ‘ಛೇ, ಹಾಗೆಲ್ಲ ಅನ್ನಬಾರದು’ ಎಂದು ಮುಚ್ಚಿಹಾಕಬೇಡಿ. ಅವಳ ಲೆಕ್ಕವನ್ನು ಪೂರ್ತಿ ಹೇಳಲು ಬಿಡಿ, ಆಮೇಲೆ ಒಂದೊಂದೇ ಕೊಂಡಿ ಬಿಡಿಸಿ. ಮನೆಯಲ್ಲಿ ಒಬ್ಬರಿಗೆ ಆಘಾತವಾದರೆ ಪಕ್ಕದ ಕೋಣೆಯ ಮಗುವನ್ನೂ ಅದೇ ವಾರ ಕೂರಿಸಿ ಮಾತಾಡಿಸಬೇಕು.

ಅಪ್ಪ ಬೇರೆ ದಾರಿ ಹಿಡಿಯುತ್ತಾನೆ. ಮಗಳನ್ನು ಎತ್ತರದ ಜಾಗವೊಂದಕ್ಕೆ ಕರೆದೊಯ್ದು ಇಬ್ಬರೂ ಗಂಟಲು ಹರಿಯುವಂತೆ ಕಿರುಚುತ್ತಾರೆ. ಕಿರುಚಿದರೆ ದುಃಖ ಹೊರಗೆ ಹೋಗಿಬಿಡುತ್ತದೆ ಎಂದು ಇದನ್ನು ಓದಬಾರದು, ಸಿಟ್ಟನ್ನು ಹಾಗೆ ಸುರಿದು ಖಾಲಿ ಮಾಡಲು ಆಗುವುದಿಲ್ಲ. ಕೆಲಸ ಮಾಡಿದ್ದು ಅಪ್ಪನೂ ಕಿರುಚಿದ್ದು. ಅಲ್ಲಿಯವರೆಗೆ ಮನೆಯವರೆಲ್ಲ ಅವಳೆದುರು ಜಾಗರೂಕತೆಯ ಮುಖವಾಡ ಹಾಕಿಕೊಂಡಿದ್ದರು. ನಮ್ಮಲ್ಲಿ ಇದು ಇನ್ನೂ ಗಟ್ಟಿ: ‘ನೀನೇ ಅತ್ರೆ ಅಮ್ಮನ್ನ ಯಾರು ನೋಡ್ಕೋತಾರೆ, ಧೈರ್ಯವಾಗಿರು’ ಎಂದು ಹದಿನೈದರ ಹುಡುಗನ ಹೆಗಲಿಗೆ ಇಡೀ ಮನೆ ಹೊರಿಸುತ್ತೇವೆ.

ಕೌನ್ಸೆಲರ್ ಎದುರು

ಶೈಲೀನ್ ವುಡ್ಲಿ ನಟಿಸಿದ ಆನಾ ಇಲ್ಲಿನ ಆಪ್ತಸಲಹೆಗಾರ್ತಿ. ಮೊದಲ ಭೇಟಿಯಲ್ಲಿ ವೇಡಾ ತಮಾಷೆಯಲ್ಲೇ ಜಾರಿಕೊಳ್ಳುತ್ತಾಳೆ. ಆನಾ ಆ ದಿನದ ಬಗ್ಗೆ ಒತ್ತಾಯಿಸಿ ಕೇಳುವುದಿಲ್ಲ. ಬರೆದವರಿಗೆ ವಿಷಯ ಗೊತ್ತಿದೆ ಎಂಬುದಕ್ಕೆ ಇದು ಗುರುತು. ಘಟನೆಯಾದ ಕೂಡಲೇ ಎಲ್ಲರನ್ನೂ ಕೂರಿಸಿ, ಏನಾಯಿತು ಎಂದು ಒಂದೇ ಸಲ ಪೂರ್ತಿ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆನ್ನುತ್ತದೆ. ಅದರ ಬದಲು 2011ರ ಅದರ ಪ್ರಥಮ ಮಾನಸಿಕ ನೆರವಿನ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡು, ಕೇಳಿಸಿಕೋ, ಜೋಡಿಸು. ಯಾರಿಗೆ ತುರ್ತು ಅಗತ್ಯವಿದೆ ನೋಡು, ಹೇಳಿದಷ್ಟನ್ನು ಕೇಳಿಸಿಕೋ, ನೆರವು ಇರುವ ಕಡೆಗೆ ಜೋಡಿಸು.

ತಿಂಗಳು ಕಳೆದರೂ ಲಕ್ಷಣ ಉಳಿದ ಮಕ್ಕಳಿಗೆ ಆಘಾತಕ್ಕೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ, ನಡವಳಿಕೆಗಳನ್ನು ಮಾತಿನ ಮೂಲಕ ತಿದ್ದುವ ಚಿಕಿತ್ಸೆಯಿದೆ. ಸಾಮಾನ್ಯವಾಗಿ 12ರಿಂದ 25 ಭೇಟಿ ಹಿಡಿಯುತ್ತದೆ. ಮೊದಲು ಉಸಿರು, ಮೈ ಸಡಿಲಿಸುವುದು, ಭಾವನೆಗೆ ಹೆಸರಿಡುವುದನ್ನು ಕಲಿಸುತ್ತಾರೆ. ಘಟನೆಯ ಮಾತು ಬರುವುದು ಆಮೇಲೆ, ಸ್ವಲ್ಪಸ್ವಲ್ಪವಾಗಿ. ತಂದೆತಾಯಿಯೂ ಪಾಲ್ಗೊಳ್ಳಬೇಕು. ಕೆಡುವುದು ಎರಡು ಕಡೆ: ಎರಡೇ ಭೇಟಿಗೆ ‘ಏನೂ ಪ್ರಯೋಜನ ಆಗ್ಲಿಲ್ಲ’ ಎಂದು ಬಿಡಿಸುವುದು, ಒಳಗೆ ಏನು ಮಾತಾಡಿದೆ ಎಂದು ಪ್ರತಿ ಸಲ ಕಾರಿನಲ್ಲಿ ಮಗುವನ್ನು ವಿಚಾರಣೆ ಮಾಡುವುದು. ನಮ್ಮಲ್ಲಿ ಎಲ್ಲಿಂದ ಶುರು ಮಾಡುವುದೆಂದು ತಿಳಿಯದವರಿಗೆ ಟೆಲಿ ಮಾನಸ್‌ನ 14416 ಇದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದರ ಮೇಲುಸ್ತುವಾರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

ಮಕ್ಕಳ ಜೊತೆ ಈ ಚಿತ್ರ ನೋಡಬಹುದೇ? ಮಾದಕವಸ್ತು, ಕುಡಿತ, ಒರಟು ಮಾತಿನ ಕಾರಣಕ್ಕೆ ಅಮೆರಿಕದಲ್ಲಿ ಇದಕ್ಕೆ ಆರ್ ದರ್ಜೆ, ಅಂದರೆ 17 ತುಂಬದವರು ಹಿರಿಯರೊಂದಿಗೆ ನೋಡಬೇಕು. ಇತ್ತೀಚೆಗೆ ಅಪಘಾತವನ್ನೋ ಹಿಂಸೆಯನ್ನೋ ಕಣ್ಣಾರೆ ಕಂಡ ಮಗುವಿಗೆ ಸದ್ಯಕ್ಕೆ ಬೇಡ. ಆರಂಭದ ದೃಶ್ಯದಲ್ಲಿ ಕಾಣುವುದಕ್ಕಿಂತ ಕೇಳುವುದು ಹೆಚ್ಚು ಚುಚ್ಚುತ್ತದೆ, ಹೆಡ್‌ಫೋನ್ ಹಾಕಿ ಒಬ್ಬರೇ ನೋಡುವುದಂತೂ ಬೇಡವೇ ಬೇಡ. ಮುಗಿದ ಮೇಲೆ ಎದುರುಬದುರು ಕೂತು ‘ಏನನ್ನಿಸ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬ ಒಂದೇ ಪದ ಸಿಗುತ್ತದೆ. ಪಾತ್ರೆ ತೊಳೆಯುವಾಗ, ಗಾಡಿಯಲ್ಲಿ ಹೋಗುವಾಗ, ಕಣ್ಣಿಗೆ ಕಣ್ಣು ಸಿಗದ ಜಾಗದಲ್ಲಿ ‘ನಿಕ್ ಮಾಡಿದ್ದು ಸರಿ ಅನ್ಸುತ್ತಾ ನಿಂಗೆ?’ ಎಂದರೆ ಮಾತು ಬರುತ್ತದೆ.

ಬಾಗಿಲಾಚೆ

ಕೊನೆಯ ಹೊತ್ತಿಗೆ ಎಲ್ಲವೂ ಹಾದಿಗೆ ಬಂದಂತಿದೆ. ತಂಗಿಯ ಜೊತೆ ಮಾತು ಮರಳಿದೆ, ಮಿಯಾ ನೃತ್ಯದ ತರಗತಿಗೆ ಮರಳಿದ್ದಾಳೆ. ಅವಳಿಗಾಗಿ ವೇಡಾ ಹೊರಗೆ ಕಾಯುತ್ತಿದ್ದಾಳೆ. ಫೋನಿಗೆ ಒಂದು ಸುದ್ದಿ ಬಂದು ಬೀಳುತ್ತದೆ: ಇನ್ನೊಂದು ಊರಲ್ಲಿ, ಇನ್ನೊಂದು ಶಾಲೆಯಲ್ಲಿ ಗುಂಡಿನ ದಾಳಿ. ವೇಡಾಳಿಗೆ ಉಸಿರು ಸಿಗದಾಗುತ್ತದೆ. ಚಿತ್ರ ಅಲ್ಲಿಗೇ ನಿಲ್ಲುತ್ತದೆ.

ಎಲ್ಲ ವ್ಯರ್ಥವಾಯಿತು ಎಂದು ಹಲವರು ಇದನ್ನು ಓದುತ್ತಾರೆ. ಹಾಗಲ್ಲ. ಹೊಸ ಸುದ್ದಿ, ವರ್ಷದ ಅದೇ ದಿನ, ಅದೇ ಬಗೆಯ ಸದ್ದು ಬಂದಾಗ ಮೈ ಮತ್ತೆ ಗಂಟೆ ಬಾರಿಸುವುದು ಚೇತರಿಕೆಯ ಒಳಗೇ ನಡೆಯುವ ಸಂಗತಿ. ಬದಲಾಗಿರುವುದು ಬೇರೆ: ತಿಂಗಳ ಹಿಂದೆ ಇದೇ ಹುಡುಗಿ ಹಾಸಿಗೆಯಲ್ಲಿ ಮುಸುಕು ಹಾಕಿ ಮಲಗಿದ್ದಳು, ಈಗ ಹಾಡಹಗಲಲ್ಲಿ ಗೆಳತಿಗಾಗಿ ಕಾಯುತ್ತಿದ್ದಾಳೆ.

ಇನ್ನೇನು ಮಿಯಾ ಹೊರಗೆ ಬರುತ್ತಾಳೆ. ಅವಳು ಮಾಡಬೇಕಾದ್ದು ಇಷ್ಟು. ಸುತ್ತ ಜನ ಸೇರದಂತೆ ನೋಡಿ ಪಕ್ಕದಲ್ಲಿ ಕೂರಬೇಕು, ಮೇಲೆ ನಿಂತು ಮಾತಾಡಬಾರದು. ಕೇಳದೆ ತಬ್ಬಿಕೊಳ್ಳಬಾರದು. ‘ಏನಾಗಲ್ಲ, ಸುಮ್ನಿರು’ ಅನ್ನುವ ಬದಲು ‘ನಾನಿಲ್ಲೇ ಇದ್ದೀನಿ, ಇದು ಇಳಿಯುತ್ತೆ’ ಅನ್ನಬೇಕು. ಹೇಳಿದ್ದು ಸುಳ್ಳಾಗುವುದಿಲ್ಲ, ಉಸಿರುಗಟ್ಟಿಸುವ ಇಂಥ ಗಾಬರಿ (ಪ್ಯಾನಿಕ್ ಅಟ್ಯಾಕ್) ಸಾಮಾನ್ಯವಾಗಿ 10 ನಿಮಿಷದೊಳಗೆ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಮೂಗು ಬಾಯಿಗೆ ಕಾಗದದ ಚೀಲ ಹಿಡಿಯುವ ಹಳೇ ಉಪಾಯ ಬೇಡ, ರಕ್ತದಲ್ಲಿ ಆಮ್ಲಜನಕ ಇಳಿಯಬಹುದು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ತಾನೇ ಕೇಳಿಸುವಂತೆ ಉಸಿರಾಡಿದರೆ ಪಕ್ಕದವಳ ಉಸಿರು ನಿಧಾನಕ್ಕೆ ಅದರ ಜೊತೆ ಕೂಡಿಕೊಳ್ಳುತ್ತದೆ. ಆಮೇಲೆ ಕಣ್ಣಿಗೆ ಕಾಣುವ ಐದು ವಸ್ತು, ಕೈಗೆ ತಗಲುವ ನಾಲ್ಕು, ಕಿವಿಗೆ ಬೀಳುವ ಮೂರು ಸದ್ದು ಹೇಳಿಸಬೇಕು. ಆ ಫೋನನ್ನು ಮಗುಚಿ ಇಡಬೇಕು. ನೀರು ಕೊಡಬೇಕು, ಮನೆಗೆ ಜೊತೆಯಲ್ಲೇ ಹೋಗಬೇಕು.